ಕಡಾಣಿ ಹಾಕಿದ ಟಾಪ್ ಬಾಕ್ಸ್: ಒಂದು ಪ್ರಕರಣ

ಈ ಬರಹದಲ್ಲಿ ಬರುವವರ ಹೆಸರು, ಶಾಲೆ, ಬಡಾವಣೆ, ಬೈಕಿನ ಕಂಪನಿ ಯಾವುದನ್ನೂ ಹೇಳುತ್ತಿಲ್ಲ. ಬೈಕಿನ ಯಜಮಾನರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಜಿಗ್, ಫಿಕ್ಸ್ಚರ್‌ಗಳ, ಅಂದರೆ ಕೆಲಸ ಮಾಡುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿಯುವ ಸಾಧನಗಳ, ಡ್ರಾಯಿಂಗ್ ಮಾಡುವವನು. ಮೇಷ್ಟ್ರ ಕೆಲಸಕ್ಕೆ ಮೊದಲಿಂದ ಕೊನೆವರೆಗೂ ಜೊತೆಗಿದ್ದೆ, ಎರಡು ಸಲ ತಪ್ಪು ಸಲಹೆಯನ್ನೂ ಕೊಟ್ಟೆ. ಟಾಪ್ ಬಾಕ್ಸನ್ನು, ಅಂದರೆ ಬೈಕಿನ ಹಿಂದೆ ಸಾಮಾನಿಡುವ ಪೆಟ್ಟಿಗೆಯನ್ನು, ಬೇಕಾದಾಗ ಹಾಕಿ ಬೇಡವಾದಾಗ ತೆಗೆಯುವಂತೆ ಮಾಡಿಕೊಳ್ಳಬೇಕು ಅಂತ ಹೊರಟವರಿಗೆ ಆ ತಪ್ಪುಗಳೂ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಮೇಷ್ಟ್ರ ಮನೆ ಮೈಸೂರಿನಲ್ಲಿ, ಶಾಲೆ ಮಂಡ್ಯದ ಆಚೆ. ದಿನಕ್ಕೆ ಹೋಗಿ ಬರಲು ತೊಂಬತ್ತು ಕಿಲೋಮೀಟರ್. ಬೈಕು ಸುಮಾರು 200 ಕೆಜಿ ತೂಕದ ಟೂರಿಂಗ್ ಗಾಡಿ. ಅದರ ಹಿಂದಿನ ಕ್ಯಾರಿಯರ್ ಮೇಲೆ ಅಲ್ಯೂಮಿನಿಯಂ ಶೀಟಿನ ದೊಡ್ಡ ಬಾಕ್ಸ್. ಖಾಲಿ ಬಾಕ್ಸೇ 6 ಕೆಜಿ ತೂಗುತ್ತಿತ್ತು. ಮಾಡಿಕೊಟ್ಟವರು ಬಾಕ್ಸಿನ ತಳಕ್ಕೆ ನಾಲ್ಕು ತೂತು ಕೊರೆದು, ನಾಲ್ಕು 8 ಎಂಎಂ ಬೋಲ್ಟನ್ನು ನೇರವಾಗಿ ಕ್ಯಾರಿಯರ್‌ಗೆ ಇಳಿಸಿ, ಕೆಳಗಿನಿಂದ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಬಿಗಿದಿದ್ದರು. ಹಿಂಭಾಗಕ್ಕೊಂದು ಹೆಚ್ಚುವರಿ ಬ್ರೇಕ್ ಲೈಟ್. ಅದರ ವೈರನ್ನು ಬೈಕಿನ ವೈರಿಗೆ ಹೊಸೆದು ಟೇಪ್ ಸುತ್ತಿದ್ದರು.

2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ರಸ್ತೆಗೆ ದ್ವಿಚಕ್ರ ವಾಹನಗಳಿಗೆ ಪ್ರವೇಶ ಇಲ್ಲ. ಮೇಷ್ಟ್ರು ದಿನಾ ಓಡಾಡುವುದು ಸರ್ವಿಸ್ ರಸ್ತೆಯಲ್ಲಿ. ಅಂದರೆ ಹಂಪು, ಗುಂಡಿ, ಕಬ್ಬು ಅರೆಯುವ ಕಾಲ ಬಂತೆಂದರೆ ಕಬ್ಬಿನ ಟ್ರ್ಯಾಕ್ಟರುಗಳು. ಇದನ್ನು ಇಲ್ಲೇ ಹೇಳುವುದಕ್ಕೆ ಕಾರಣವಿದೆ. ಬಾಕ್ಸಿಗೆ ಬೀಳುವ ಹೊಡೆತದಲ್ಲಿ ದೊಡ್ಡದು ವೇಗದ್ದಲ್ಲ, ಈ ಹಂಪುಗಳದ್ದು.

ಸಮಸ್ಯೆ ಎಲ್ಲಿ ಹುಟ್ಟಿತು

ಮೇಷ್ಟ್ರ ತಂದೆಗೆ ಮಂಡಿ ಆಪರೇಷನ್ ಆಯಿತು. ಹಿರಿಯರಿಗೆ ಎಪ್ಪತ್ತಾರು. ಒಂದು ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರು. ಗಾಯ ಮಾಗಿ, ಬೈಕಿನಲ್ಲಿ ಕೂರಬಹುದು ಅಂತ ಡಾಕ್ಟರು ಹೇಳಿದ ಮೇಲೆ ವಾರಕ್ಕೆರಡು ದಿನ ಫಿಸಿಯೋಥೆರಪಿಗೆ ಕರೆದೊಯ್ಯುವ ಕೆಲಸ ಬಂತು. ಆಟೋ ಸಿಗುತ್ತಿತ್ತು. ಆದರೆ ಮಗನ ಗಾಡಿಯಲ್ಲೇ ಹೋಗಬೇಕು ಅನ್ನುವುದು ಅವರ ಆಸೆ.

ಅಡ್ಡಿಯಾದದ್ದು ಬಾಕ್ಸು. ಬಾಕ್ಸ್ ಇಲ್ಲದ ಬೈಕಿಗೆ ಹಿಂದೆ ಹತ್ತುವವರು ಕಾಲನ್ನು ಹಿಂದಿನಿಂದ ಸುತ್ತಿ ತಂದು ಕೂರುತ್ತಾರೆ. ಬಾಕ್ಸ್ ಇದ್ದರೆ ಸವಾರನ ಬೆನ್ನಿಗೂ ಬಾಕ್ಸಿಗೂ ನಡುವಿನ ಕಿರಿದಾದ ಸಂದಿಯಲ್ಲಿ ಮಂಡಿ ಪೂರ್ತಿ ಮಡಿಸಿ ಕಾಲು ದಾಟಿಸಬೇಕು. ಹಿರಿಯರಿಗೆ ಆಗದೆ ಇದ್ದದ್ದು ಅದೊಂದೇ.

ಮೇಷ್ಟ್ರು ಮೊದಲ ವಾರ ಬಾಕ್ಸ್ ಬಿಚ್ಚಿದರು. ಬೈಕಿನ ಪಕ್ಕ ನೆಲದ ಮೇಲೆ ಅಂಗಾತ ಮಲಗಿ ಕೆಳಗಿನ ನಟ್‌ಗೆ 13ರ ಸ್ಪ್ಯಾನರ್ ಹಿಡಿಯುವವರು ಒಬ್ಬರು, ಬಾಕ್ಸಿನೊಳಗೆ ಕೈ ಹಾಕಿ ಬೋಲ್ಟ್ ತಿರುಗಿಸುವವರು ಇನ್ನೊಬ್ಬರು. ನಲವತ್ತು ನಿಮಿಷ ಹಿಡಿಯಿತು. ಮತ್ತೆ ಹಾಕಲು ಇನ್ನಷ್ಟು. ಹಾಗಾದರೆ ಬಾಕ್ಸನ್ನೇ ಬಿಟ್ಟುಬಿಡೋಣ ಅಂದರೆ ಮಕ್ಕಳ ನೋಟ್‌ಬುಕ್ಕು, ಮಳೆಯಲ್ಲಿ ನೆನೆಯಬಾರದ ಉತ್ತರ ಪತ್ರಿಕೆ ಎಲ್ಲಿಡುವುದು? ಮಡಿಕೇರಿ ಕಡೆ ಹೋಗುವಾಗ ಮೇಷ್ಟ್ರ ಮನೆಯವರಿಗೆ ಬೆನ್ನಿಗೆ ಆನಿಸಿಕೊಳ್ಳಲೂ ಬಾಕ್ಸೇ ಬೇಕು. ಬಾಕ್ಸ್ ಇರಲೂಬೇಕು, ಇರಲೂಬಾರದು.

ದೊಡ್ಡ ಕಂಪನಿಗಳಿಗೂ ಈ ಪ್ರಶ್ನೆ ಎದುರಾಗಿದೆ. ಹೋಂಡಾದವರು 2018ರ ಗೋಲ್ಡ್ ವಿಂಗ್ ತಂದಾಗ ಹಿಂದಿನ ಟ್ರಂಕ್ ಇರುವುದೊಂದು, ಇಲ್ಲದ್ದೊಂದು ಅಂತ ಎರಡು ಮಾದರಿ ಮಾಡಿದರು. ಹಾರ್ಲೆ-ಡೇವಿಡ್ಸನ್ ಟೂರಿಂಗ್ ಗಾಡಿಗಳಿಗೆ ಟೂರ್-ಪ್ಯಾಕ್ ಅನ್ನುವ ಪೆಟ್ಟಿಗೆಯನ್ನು ರ‍್ಯಾಕ್ ಸಮೇತ ಕಳಚುವ ಏರ್ಪಾಡಿದೆ. ಬೈಕಿನ ಮೇಲೆ ಉಳಿಯುವ ಚಿಕ್ಕ ಬುಷ್‌ಗಳ (ಬಳೆಯಂಥ ತುಂಡುಗಳ) ಮೇಲೆ ರ‍್ಯಾಕಿನ ಕಚ್ಚುಗಳು ಕೂರುತ್ತವೆ, ಆಮೇಲೆ ಲಾಚ್ (ಚಿಲಕ) ಬೀಳುತ್ತದೆ. ಈ ಎರಡನೆಯದನ್ನು ನಾನು ಮೊದಲೇ ಗಮನವಿಟ್ಟು ನೋಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಮೊದಲ ಪ್ರಯತ್ನ: ವಿಂಗ್ ನಟ್

ಸಲಹೆ ನನ್ನದೇ. ನೈಲಾಕ್ ನಟ್ ತೆಗೆದು ಕೈಯಲ್ಲೇ ತಿರುಗಿಸುವ ವಿಂಗ್ ನಟ್ ಹಾಕಿ, ಕೆಳಗೊಂದು ಸ್ಪ್ರಿಂಗ್ ವಾಷರ್ ಕೊಡಿ ಅಂದೆ. ಖರ್ಚು ನೂರು ರೂಪಾಯಿಯೂ ಇಲ್ಲ. ಹತ್ತು ನಿಮಿಷದಲ್ಲಿ ಬಾಕ್ಸ್ ಕೆಳಗಿಳಿಯಿತು. ಎಲ್ಲರಿಗೂ ಖುಷಿ.

ಹನ್ನೆರಡನೇ ದಿನ ಸಂಜೆ ಶ್ರೀರಂಗಪಟ್ಟಣಕ್ಕೆ ಇನ್ನೇನು ಏಳೆಂಟು ಕಿಲೋಮೀಟರ್ ಇದೆ ಅನ್ನುವಾಗ, ಒಂದು ಹಂಪು ದಾಟಿದ ಕೂಡಲೇ ಹಿಂದೆ ತಗಡು ಬಡಿದ ಸದ್ದು. ಮೇಷ್ಟ್ರು ನಿಲ್ಲಿಸಿ ನೋಡಿದರೆ ಎಡಗಡೆಯ ಎರಡೂ ನಟ್ ಬಿದ್ದುಹೋಗಿ ಬಾಕ್ಸ್ ಬಲಕ್ಕೆ ವಾಲಿ ನಿಂತಿತ್ತು. ಒಳಗೆ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಪತ್ರಿಕೆಗಳು. ಹಿಂದೆ ಯಾರೂ ಬರುತ್ತಿರಲಿಲ್ಲ, ಅದು ಪುಣ್ಯ. ಬಾಕ್ಸನ್ನು ಬೆಲ್ಟ್‌ನಿಂದ ಸೀಟಿಗೆ ಕಟ್ಟಿಕೊಂಡು ಮನೆ ಸೇರಿದರು.

ಮಾರನೇ ದಿನ ಬಾಕ್ಸ್ ಬಿಚ್ಚಿ ತಳ ನೋಡಿದೆ. ದುಂಡಗಿದ್ದ ತೂತುಗಳು ಅಂಡಾಕಾರ ತಾಳಿದ್ದವು. ಒಂದರ ಅಂಚಿನಿಂದ ಕೂದಲೆಳೆಯಂಥ ಬಿರುಕು ಹೊರಟಿತ್ತು. ಬೆರಳಲ್ಲಿ ತಿರುಗಿಸುವ ನಟ್ ಬೆರಳಿನ ಬಲಕ್ಕಷ್ಟೇ ಬಿಗಿಯಾಗುತ್ತದೆ. 8 ಎಂಎಂ ಬೋಲ್ಟಿಗೆ ಸ್ಪ್ಯಾನರ್‌ನಲ್ಲಿ ಇಪ್ಪತ್ತು ನ್ಯೂಟನ್ ಮೀಟರ್‌ಗಿಂತ (ತಿರುಗಿಸುವ ಬಲದ ಅಳತೆ) ಹೆಚ್ಚು ಬಿಗಿ ಕೊಡುತ್ತೇವೆ. ಕೈಯಲ್ಲಿ ಅದರ ಕಾಲು ಭಾಗವೂ ಬರುವುದಿಲ್ಲ. ಬಿಗಿ ಸಾಲದಿದ್ದರೆ ಬಾಕ್ಸ್ ಅಲುಗುತ್ತದೆ, ಅಲುಗಿದರೆ ನಟ್ ಸಡಿಲವಾಗುತ್ತದೆ. ಸ್ಪ್ರಿಂಗ್ ವಾಷರ್ ಇದನ್ನು ತಡೆಯುವುದಿಲ್ಲ.

ಎರಡನೆಯದು: ಅಂಗಡಿಯ ಬೇಸ್ ಪ್ಲೇಟ್

ಮೇಷ್ಟ್ರು ಅಂಗಡಿಯಿಂದ ಪ್ಲಾಸ್ಟಿಕ್ ಬೇಸ್ ಪ್ಲೇಟ್ ತಂದರು. ಮುಂದೆ ಎರಡು ಕೊಕ್ಕೆ, ಹಿಂದೆ ಒಂದು ಲಾಚ್. ಅದು ಅದೇ ತಯಾರಕರ ಪ್ಲಾಸ್ಟಿಕ್ ಬಾಕ್ಸಿಗೆಂದು ಮಾಡಿದ್ದು, ಅದಕ್ಕೆ ಸರಿಯಾಗಿಯೇ ಇತ್ತು. ನಮ್ಮ ಅಲ್ಯೂಮಿನಿಯಂ ಬಾಕ್ಸಿನ ತಳಕ್ಕೆ ಅದರ ಜೋಡಿ ಭಾಗವನ್ನು ಸ್ಕ್ರೂ ಮಾಡಿ ಕೂರಿಸಿದ್ದು ನಾವು. ತಪ್ಪು ನಮ್ಮದು.

ಈ ಸಲ ಯಾವುದೂ ಬೀಳಲಿಲ್ಲ. ಆದರೆ ಮೇಷ್ಟ್ರು, ‘ಗಾಡಿ ಹಿಂದ್ಗಡೆ ಬಾಲ ಆಡಿಸ್ದಂಗೆ ಆಗುತ್ತೆ’ ಅಂದರು. ಮೈಸೂರಿನ ರಿಂಗ್ ರಸ್ತೆಯಲ್ಲಿ ಅವರ ಹಿಂದೆ ನನ್ನ ಗಾಡಿ ಓಡಿಸಿಕೊಂಡು ಹೋಗಿ ನೋಡಿದೆ. ವೇಗ 75 ಮುಟ್ಟುತ್ತಿದ್ದಂತೆ ಬಾಕ್ಸಿಗೂ ಪ್ಲೇಟಿಗೂ ನಡುವೆ ಬೆಳಕಿನ ಗೆರೆ ಕಾಣಿಸುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ಕಾಣಿಸುತ್ತಿತ್ತು.

ಬಾಕ್ಸ್ ತುಂಬ ಹಿಂದಿದೆ, ಮುಂದಿನ ಚಕ್ರ ಹಗುರವಾಗಿ ಹೀಗಾಗುತ್ತಿದೆ ಅಂತ ನಾನು ವಾದಿಸಿದೆ. ರಾತ್ರಿ ಕೂತು ಲೆಕ್ಕ ಹಾಕಿದಾಗ ವಾದ ನಿಲ್ಲಲಿಲ್ಲ. ಬಾಕ್ಸು ಮತ್ತು ಸಾಮಾನು ಸೇರಿ 14 ಕೆಜಿ. ಅದರ ಭಾರಕೇಂದ್ರ ಹಿಂದಿನ ಆಕ್ಸೆಲ್‌ನಿಂದ 25 ಸೆಂಟಿಮೀಟರ್ ಹಿಂದೆ. ಎರಡು ಚಕ್ರಗಳ ನಡುವಿನ ಅಂತರ 145 ಸೆಂಟಿಮೀಟರ್. 14 ಗುಣಿಸು 25, ಭಾಗಿಸು 145. ಮುಂದಿನ ಚಕ್ರದ ಮೇಲಿನಿಂದ ಕಡಿಮೆಯಾಗುವ ಭಾರ ಎರಡೂವರೆ ಕೆಜಿಗೂ ಕಮ್ಮಿ. ಇನ್ನೂರು ಕೆಜಿ ಗಾಡಿ, ಅದರ ಮೇಲೊಬ್ಬ ಸವಾರ, ಅದರಲ್ಲಿ ಇದೊಂದೇ ಗಾಡಿಯನ್ನು ಹೀಗೆ ಆಡಿಸಲಾರದು. ಬಾಕ್ಸನ್ನು ಅಲ್ಲಾಡಿಸಿ ಅಳೆದಾಗ ಹಿಂದಿನ ಅಂಚಿನಲ್ಲಿ 5 ಮಿಲಿಮೀಟರ್ ಆಟ, ಅಂದರೆ ಸಡಿಲ, ಸಿಕ್ಕಿತು. ಇದೇ ಬಾಕ್ಸು, ಇದೇ ಭಾರ, ನಾಲ್ಕು ಬೋಲ್ಟಿನಲ್ಲಿ ಬಿಗಿದಿದ್ದಾಗ ಈ ತೊಂದರೆ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. ಭಾರದ ಜೊತೆ ಆಟ ಸೇರಿಕೊಂಡಿತ್ತು, ಗಾಡಿ ಬಾಲ ಆಡಿಸುತ್ತಿದ್ದದ್ದು ಅದಕ್ಕೆ.

ಯಾದವಗಿರಿಯ ಹಿರಿಯರ ಹೆಬ್ಬೆರಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ಅಸೆಂಬ್ಲಿಯಲ್ಲಿದ್ದ ಒಬ್ಬ ಹಿರಿಯರು ನನಗೆ ಪರಿಚಯ. ಗಾಡಿಯನ್ನು ಅವರ ಮನೆ ಮುಂದೆ ನಿಲ್ಲಿಸಿದೆವು. ಅವರು ಏನನ್ನೂ ಕೇಳಲಿಲ್ಲ. ಬಾಕ್ಸಿಗೂ ಪ್ಲೇಟಿಗೂ ನಡುವಿನ ಸಂದಿಗೆ ಹೆಬ್ಬೆರಳಿನ ಉಗುರು ಇಟ್ಟು, ಇನ್ನೊಂದು ಕೈಯಲ್ಲಿ ಬಾಕ್ಸನ್ನು ಮೆಲ್ಲಗೆ ಎತ್ತಿ ಇಳಿಸಿದರು. ಎರಡು ಸಲ, ಮೂರು ಸಲ.

‘ಮೇಷ್ಟ್ರೇ, ಭಾರ ಹೊರೋದು ಒಂದು ಕೆಲಸ, ಬಿಡದಂಗೆ ಹಿಡ್ಕೊಳೋದು ಇನ್ನೊಂದು ಕೆಲಸ. ಬೋಲ್ಟು ಎರಡೂ ಮಾಡುತ್ತೆ, ಅದಕ್ಕೇ ಬಿಚ್ಚೋಕೆ ಕಷ್ಟ. ನೀವು ಈ ಪುಟಾಣಿ ಲಾಚ್ ಕೈಲಿ ಎರಡೂ ಮಾಡಿಸ್ತಾ ಇದೀರ.’

ಇಡೀ ಪ್ರಕರಣದಲ್ಲಿ ನನಗೆ ದಕ್ಕಿದ ಮುಖ್ಯ ಮಾತು ಇದು. ಅಲ್ಲಿಯವರೆಗೆ ನಾನು ಯೋಚಿಸುತ್ತಿದ್ದದ್ದು ಬೇಗ ಬಿಚ್ಚುವ ಬೋಲ್ಟ್ ಯಾವುದು ಅಂತ. ಅವರು ಬೋಲ್ಟಿನ ಕೆಲಸವನ್ನೇ ಎರಡು ಪಾಲು ಮಾಡಿದರು. ಭಾರವನ್ನೂ ಬ್ರೇಕಿನ ತಳ್ಳನ್ನೂ ಹೊರಲು ಗಟ್ಟಿಯಾದ, ಅಲುಗದ ಕೂರುಮನೆ ಇರಬೇಕು. ಅಲ್ಲಿಂದ ಬಾಕ್ಸ್ ಏಳದಂತೆ ನೋಡಿಕೊಳ್ಳಲು ಮಾತ್ರ ಒಂದು ಪಿನ್.

ಮೂರನೆಯದು, ಮಂಡ್ಯದ ಲೇತ್ ಅಂಗಡಿಯಲ್ಲಿ

ಕೆಲಸಕ್ಕೆ ಮಂಡ್ಯದ ಒಂದು ಲೇತ್ ಅಂಗಡಿ ಹಿಡಿದೆವು. ಟ್ರೈಲರಿನ ಕೊಂಡಿ, ಆಲೆಮನೆಯ ಗಾಣದ ರಿಪೇರಿ ಮಾಡುವ ಅಂಗಡಿ. ಅಲ್ಲಿನವರಿಗೆ ಅಲುಗುವ ಭಾರದ ವಿಷಯ ಹೇಳಿಕೊಡಬೇಕಾಗಿರಲಿಲ್ಲ.

ಮೊದಲೇ ಒಂದು ತೀರ್ಮಾನ ಮಾಡಿಕೊಂಡೆವು. ಬೈಕಿನ ಫ್ರೇಮಿಗೆ ವೆಲ್ಡಿಂಗ್ ಇಲ್ಲ, ಕೊರೆಯುವುದೂ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರಚನೆಯನ್ನು ಬದಲಿಸುವುದಕ್ಕೆ ಸಂಬಂಧಿಸಿದ್ದು. ಆ ಗೋಜೇ ಬೇಡ, ಕ್ಯಾರಿಯರ್‌ನ ಮೊದಲಿದ್ದ ನಾಲ್ಕು ತೂತುಗಳನ್ನೇ ಬಳಸೋಣ ಅಂದುಕೊಂಡೆವು. ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರ್ ಮೂರೂ ಬಾಕ್ಸ್ ಇದ್ದಾಗಲೂ ಇಲ್ಲದಾಗಲೂ ಪೂರ್ತಿ ಕಾಣಬೇಕು ಅನ್ನುವುದು ಎರಡನೇ ಕಟ್ಟಳೆ.

ಕ್ಯಾರಿಯರ್ ಮೇಲೆ 5 ಎಂಎಂ ದಪ್ಪದ ಉಕ್ಕಿನ ಪ್ಲೇಟು ಕೂತಿತು. ಅದರ ಮುಂದಿನ ಅಂಚಿನಲ್ಲಿ, ಸೀಟಿನ ಹಿಂದೆಯೇ, ಅಡ್ಡಲಾಗಿ 20 ಎಂಎಂ ಸರಳು. ಬಾಕ್ಸಿನ ತಳಕ್ಕೆ ಇನ್ನೊಂದು ಪ್ಲೇಟು, ಅದಕ್ಕೆ ಮುಂದಕ್ಕೆ ಬಾಯಿ ತೆರೆದ ಎರಡು ದವಡೆ. ಬಾಕ್ಸನ್ನು ಸ್ವಲ್ಪ ಓರೆ ಹಿಡಿದು ಮುಂದಕ್ಕೆ ತಳ್ಳಿದರೆ ದವಡೆಗಳು ಸರಳನ್ನು ಕಚ್ಚುತ್ತವೆ. ದವಡೆ ಮುಂದಕ್ಕೆ ಬಾಯಿ ತೆರೆಯಬೇಕು ಅನ್ನುವುದರ ಬಗ್ಗೆ ಒಂದು ಮಧ್ಯಾಹ್ನ ಪೂರ್ತಿ ಚರ್ಚೆ ನಡೆಯಿತು. ಬ್ರೇಕ್ ಹಾಕಿದಾಗ ಬಾಕ್ಸ್ ಮುಂದಕ್ಕೆ ನುಗ್ಗುತ್ತದೆ. ದವಡೆ ಮುಂದಿದ್ದರೆ ಆ ನುಗ್ಗು ಅದನ್ನು ಸರಳಿಗೆ ಇನ್ನಷ್ಟು ಒತ್ತುತ್ತದೆ, ಪಿನ್ನಿಗೆ ಏನೂ ಬೀಳುವುದಿಲ್ಲ. ಬೈಕಿನ ಪ್ಲೇಟಿನ ಹಿಂದೆ ತೂತಿರುವ ಎರಡು ಕಿವಿ, ಅವುಗಳ ನಡುವೆ ಕೂರುವ ಬಾಕ್ಸಿನ ಒಂದು ದಿಂಡು, ಮೂರನ್ನೂ ಅಡ್ಡಲಾಗಿ ದಾಟುವ 12 ಎಂಎಂ ಪಿನ್. ಪಿನ್ನಿನ ತುದಿಗೆ ಟ್ರ್ಯಾಕ್ಟರಿನ ಲಿಂಕಿಗೆ ಹಾಕುವ ಬಳೆಯಿರುವ ಲಾಕ್ ಪಿನ್. ಗಾಡಿ ನಿಲ್ಲಿಸಿ ಹೋಗುವಾಗ ಚಿಕ್ಕ ಬೀಗ ಹಾಕಲು ಪಕ್ಕದಲ್ಲೇ ಇನ್ನೊಂದು ತೂತು.

ಭಾರ ಹೊರಲು ನಾಲ್ಕು ಮೂಲೆಗೆ ರಬ್ಬರ್ ಬೇಕಿತ್ತು. ಅಂಗಡಿಯ ಮೂಲೆಯಲ್ಲಿ ಆಲೆಮನೆ ಗಾಣದ ಹಳೇ ಬೆಲ್ಟ್ ಬಿದ್ದಿತ್ತು. ರಬ್ಬರಿನ ನಡುವೆ ಕ್ಯಾನ್ವಾಸ್ ಪದರ ಇರುವ ಚಪ್ಪಟೆ ಬೆಲ್ಟ್. ಕತ್ತರಿಸಿ, ಬೇಕಾದ್ದಕ್ಕಿಂತ ಒಂದು ಮಿಲಿಮೀಟರ್ ದಪ್ಪವಾಗೇ ಇಟ್ಟೆವು. ಹಾಗಾಗಿ ಬಾಕ್ಸಿನ ಹಿಂಭಾಗವನ್ನು ಅಂಗೈಯಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದರೆ ಮಾತ್ರ ಪಿನ್ ತೂರುತ್ತದೆ. ಒತ್ತಡದಲ್ಲೇ ಕೂತಿರುವ ಬಾಕ್ಸಿಗೆ ಆಡಲು ಜಾಗವೇ ಇಲ್ಲ.

ವೆಲ್ಡಿಂಗ್‌ನಲ್ಲಿ ಒಂದು ಪ್ಲೇಟ್ ಹಾಳಾಯಿತು. ಒಂದೇ ಕಡೆಯಿಂದ ಉದ್ದಕ್ಕೆ ಎಳೆದದ್ದರಿಂದ ಬಿಸಿಗೆ ಸೊಟ್ಟಗಾಗಿ, ನೆಲದ ಮೇಲಿಟ್ಟರೆ ತೊಟ್ಟಿಲಂತೆ ತೂಗುತ್ತಿತ್ತು. ಎರಡನೆಯದನ್ನು ದಪ್ಪ ಕಬ್ಬಿಣದ ಹಲಗೆಗೆ ಬೋಲ್ಟ್ ಹಾಕಿ ಬಿಗಿದು, ಮೊದಲು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಕೊಟ್ಟು, ಎದುರುಬದುರು ಮೂಲೆಗಳಲ್ಲಿ ತುಣುಕು ತುಣುಕಾಗಿ ಬೆಸೆದರು. ಎಲ್ಲ ಬೆಸುಗೆಯೂ ಬೈಕಿನಿಂದ ದೂರದಲ್ಲೇ ನಡೆಯಿತು. ಬಾಕ್ಸಿನ ಬಿರುಕು ಮತ್ತು ಹಿಗ್ಗಿದ ತೂತುಗಳ ಮೇಲೆ ಒಳಗಿನಿಂದ 3 ಎಂಎಂ ಪಟ್ಟಿ ಬಂತು. ಉಕ್ಕು, ಅಲ್ಯೂಮಿನಿಯಂ ನೇರ ತಾಗಿದರೆ ಮಳೆಗಾಲದಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ, ನಡುವೆ ತೆಳು ರಬ್ಬರ್ ಹಾಳೆ ಹಾಕಿದೆವು.

ಪಂಚೆ ಸಿಕ್ಕಿಕೊಂಡ ದಿನ

ನಮ್ಮ ಪ್ರಕಾರ ಕೆಲಸ ಮುಗಿದಿತ್ತು. ಬಾಕ್ಸ್ ತೆಗೆಯಲು ಒಂದು ನಿಮಿಷ ಸಾಕು. ಭಾನುವಾರ ಬೆಳಿಗ್ಗೆ ಮೇಷ್ಟ್ರು ಬಾಕ್ಸ್ ತೆಗೆದು ಒಳಗಿಟ್ಟು, ತಂದೆಯನ್ನು ಕರೆದರು. ಹಿರಿಯರು ಮೊಮ್ಮಗನ ಹೆಗಲು ಹಿಡಿದು ಕಾಲು ಸುತ್ತಿ ತಂದರು. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಪಂಚೆಯ ಅಂಚು ಪ್ಲೇಟಿನ ಹಿಂದಿನ ಕಿವಿಗೆ ಸಿಕ್ಕಿಕೊಂಡಿತ್ತು. ಒಂದೇ ಕಾಲಿನ ಮೇಲೆ ಅವರು ನಿಂತಿದ್ದರು. ಮೊಮ್ಮಗ ಬಿಗಿಯಾಗಿ ಹಿಡಿದದ್ದಕ್ಕೆ ಬೀಳಲಿಲ್ಲ. ನನ್ನ ಕೈಕಾಲು ತಣ್ಣಗಾಯಿತು.

ಆ ಕಿವಿ 40 ಎಂಎಂ ಎತ್ತರ, ಗ್ರೈಂಡ್ ಮಾಡಿದ ಚೂಪು ಮೂಲೆ. ಡ್ರಾಯಿಂಗ್‌ನಲ್ಲಿ ನಾನೇ ಹಾಗೆ ಬರೆದಿದ್ದೆ. ಬಾಕ್ಸ್ ಕೂತಿರುವಾಗ ಹೇಗಿರುತ್ತದೆ ಅನ್ನುವುದಕ್ಕೆ ಆರು ಹಾಳೆ ಬರೆದವನು, ಬಾಕ್ಸ್ ಇಲ್ಲದಾಗ ಬೈಕಿನ ಮೇಲೆ ಏನು ಉಳಿಯುತ್ತದೆ ಅನ್ನುವುದಕ್ಕೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಈ ಕೆಲಸ ಶುರುವಾದದ್ದೇ ಬಾಕ್ಸ್ ಇಲ್ಲದ ಬೈಕಿಗಾಗಿ, ಅದರ ಹಿಂದೆ ಕೂರುವ ಒಬ್ಬರಿಗಾಗಿ.

ಮತ್ತೆ ಮಂಡ್ಯಕ್ಕೆ ಹೋದೆವು. ಬೈಕಿನ ಮೇಲಿದ್ದ ಎತ್ತರವನ್ನೆಲ್ಲ ಬಾಕ್ಸಿನ ಹೊಟ್ಟೆಗೆ ದಾಟಿಸಿದೆವು. ಕಿವಿಗಳೂ ರಬ್ಬರಿನ ಪೀಠಗಳೂ ಬಾಕ್ಸಿಗೆ ಹೋದವು. ಬೈಕಿನ ಮೇಲೆ ಉಳಿದದ್ದು ಸೀಟಿಗಿಂತ ತಗ್ಗಿನಲ್ಲಿರುವ ಸರಳು ಮತ್ತು 25 ಎಂಎಂ ಎತ್ತರದ ಒಂದು ದುಂಡು ದಿಂಡು. ಅದರ ಮೇಲೂ ಬೆಲ್ಟ್ ರಬ್ಬರಿನ ಟೋಪಿ. ಲೇತ್ ಅಂಗಡಿಯವರು ಎಲ್ಲ ಅಂಚಿಗೂ ಅರ ತಿಕ್ಕಿ, ತಮ್ಮದೇ ಟವೆಲ್ಲನ್ನು ಪ್ಲೇಟಿನ ಮೇಲೆ ಎಳೆದು ನೋಡಿದರು. ಎರಡು ಕಡೆ ದಾರ ಎಳೆಯಿತು, ಮತ್ತೆ ತಿಕ್ಕಿದರು. ಅಂದಿನಿಂದ ನನ್ನ ತಪಾಸಣೆಯ ಪಟ್ಟಿಯಲ್ಲಿ ಟವೆಲ್ಲೂ ಇದೆ.

ಇದಕ್ಕೂ ಒಂದು ಬೆಲೆ ತೆರಬೇಕಾಯಿತು. ಬಾಕ್ಸಿಗೆ ಈಗ ಹೊಟ್ಟೆಯಡಿ ಕಾಲುಗಳಿವೆ, ಸೀದಾ ನೆಲದ ಮೇಲಿಟ್ಟರೆ ರೆಡ್ ಆಕ್ಸೈಡ್ ನೆಲಕ್ಕೆ ಗೀರು ಬೀಳುತ್ತದೆ. ಮನೆಯವರು ಹಳೇ ಮಣೆಯೊಂದನ್ನು ಅದಕ್ಕೇ ಬಿಟ್ಟುಕೊಟ್ಟರು.

ದೀಪದ ಮಾತು

ಬಾಕ್ಸಿನ ಬ್ರೇಕ್ ಲೈಟ್ ತೆಗೆದೇ ಹಾಕಿ ಅಂತ ಯಾದವಗಿರಿಯ ಹಿರಿಯರು ಹೇಳಿದ್ದರು. ಮೇಷ್ಟ್ರು ಒಪ್ಪಲಿಲ್ಲ. ಹಿಂದೆ ದೀಪವೇ ಇಲ್ಲದ ಕಬ್ಬಿನ ಟ್ರೈಲರ್‌ಗಳ ನಡುವೆ ರಾತ್ರಿ ಬರುವವರು ಅವರು. ನಾನು ಅವರ ಕಡೆ ನಿಂತೆ. ನೀರು ಹೋಗದ ಮೂರು ಪಿನ್ನಿನ ಕನೆಕ್ಟರ್ ಹಾಕಿ, ಬೈಕಿನ ಕಡೆ ತೂತಿರುವ ಭಾಗವನ್ನೂ ಬಾಕ್ಸಿನ ಕಡೆ ಪಿನ್ ಇರುವ ಭಾಗವನ್ನೂ ಇಟ್ಟೆವು. ತಿರುಗುಮುರುಗಾದರೆ ಬಾಕ್ಸ್ ಇಲ್ಲದಾಗ ಕರೆಂಟ್ ಇರುವ ಪಿನ್ನು ಬಯಲಲ್ಲಿ ನೇತಾಡುತ್ತದೆ, ಎಲ್ಲಾದರೂ ಕಬ್ಬಿಣಕ್ಕೆ ತಾಗಿದರೆ ಫ್ಯೂಸ್ ಹೋಗಿ ಗಾಡಿಯ ಮೂಲ ಬ್ರೇಕ್ ಲೈಟೂ ಆರುತ್ತದೆ. ಬಾಕ್ಸಿನ ದೀಪಕ್ಕೆ ಪ್ರತ್ಯೇಕ ಫ್ಯೂಸ್ ಕೂಡ ಕೊಟ್ಟೆವು.

ಏನಾಯಿತು

ಪರೀಕ್ಷೆಗೆ ಐದು ಕೆಜಿಯ ಎರಡು ಅಕ್ಕಿ ಚೀಲ ತುಂಬಿ, ಬಾಕ್ಸನ್ನೇ ಹಿಡಿದು ಗಾಡಿಯ ಹಿಂಭಾಗ ಮೇಲೇಳುವಷ್ಟು ಎತ್ತಿದೆವು. ಸಂದಿಯಲ್ಲಿ ಬೆಳಕು ಕಾಣಲಿಲ್ಲ. ನಟ್‌ಗಳ ಮೇಲೆ ಉಗುರು ಬಣ್ಣದಲ್ಲಿ ಗೆರೆ ಎಳೆದು, ಐನೂರು ಕಿಲೋಮೀಟರ್ ಆದ ಮೇಲೆ ನೋಡಿದರೆ ಗೆರೆ ಕದಲಿರಲಿಲ್ಲ. ಮೇಲುಕೋಟೆಯ ಏರಿನಲ್ಲೂ ರಿಂಗ್ ರಸ್ತೆಯಲ್ಲೂ ಬಾಲ ಆಡಿಸುವುದು ನಿಂತಿತ್ತು. ಹಾಳಾದ ಪ್ಲೇಟೂ ಸೇರಿ ಖರ್ಚು ಮೂರೂವರೆ ಸಾವಿರದ ಆಸುಪಾಸು. ಉಕ್ಕಿನ ಪ್ಲೇಟುಗಳಿಂದ ತೂಕ ಸುಮಾರು ಮೂರು ಕೆಜಿ ಹೆಚ್ಚಿತು. ಹಾಗಾಗಿ ಬಾಕ್ಸಿನೊಳಗೆ ಇಡುವ ಸಾಮಾನು ಐದು ಕೆಜಿ ದಾಟಬಾರದು ಅಂತ ಮುಚ್ಚಳದ ಒಳಗೆ ಬರೆದಿಟ್ಟಿದ್ದೇವೆ. ಭಾರದ ನೋಟ್‌ಬುಕ್ ಕಟ್ಟುಗಳು ಈಗ ಪಕ್ಕದ ಬ್ಯಾಗಿಗೆ ಹೋಗುತ್ತವೆ.

ಮೂರನೇ ತಿಂಗಳಲ್ಲಿ ಒಮ್ಮೆ ಮೇಷ್ಟ್ರು ಅವಸರದಲ್ಲಿ ಪಿನ್ ತೂರಿಸಿ, ತುದಿಯ ಲಾಕ್ ಪಿನ್ ಹಾಕುವುದನ್ನು ಮರೆತರು. ಗೇಟು ದಾಟುವ ಮೊದಲೇ ಜಗಲಿಯಲ್ಲಿ ಕೂತಿದ್ದ ತಂದೆ ಕೂಗಿದರು, ‘ಲೋ, ನಿಲ್ಸೋ! ಕಡಾಣಿ ಹಾಕಿಲ್ಲ ಕಣೋ!’ ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ತಡೆಯುವ ಕೀಲು ಕಡಾಣಿ. ಅದನ್ನು ನೋಡದೆ ಗಾಡಿ ಹೂಡುತ್ತಿರಲಿಲ್ಲ ಅವರು. ಆವತ್ತೇ ಲಾಕ್ ಪಿನ್ನಿನ ಬಳೆಗೆ ಗೇಣುದ್ದದ ಕೆಂಪು ರಿಬ್ಬನ್ ಕಟ್ಟಿದೆವು. ಹಾಕಿದ್ದರೆ ರಿಬ್ಬನ್ ಬಲಗಡೆ ಇಳಿಬಿದ್ದು ದೂರಕ್ಕೇ ಕಾಣುತ್ತದೆ, ಹಾಕದಿದ್ದರೆ ಇಲ್ಲ.

ನನ್ನ ಬಳಿ ಈಗ ಯಾರಾದರೂ ಇಂಥದ್ದೇ ಕೆಲಸಕ್ಕೆ ಬಂದರೆ ಲಾಚ್ ಯಾವುದು ಅಂತ ಮಾತು ಶುರು ಮಾಡುವುದಿಲ್ಲ. ಬಾಕ್ಸ್ ತೆಗೆದ ಮೇಲೆ ಹಿಂದೆ ಕೂರುವವರು ಯಾರು ಅಂತ ಕೇಳುತ್ತೇನೆ. ಆಮೇಲೆ ಭಾರ ಯಾವುದರ ಮೇಲೆ ಕೂರುತ್ತದೆ ಅನ್ನುವುದನ್ನು ಬರೆದು ತೋರಿಸಿ ಅನ್ನುತ್ತೇನೆ. ಪಿನ್ನು ಕೊನೆಗೆ. ಅಂಗಡಿಯಲ್ಲಿ ಬಾಕ್ಸೂ ಬೇಸೂ ಜೋಡಿಯಾಗಿ ಸಿಗುವಾಗ ಅದನ್ನೇ ತೆಗೆದುಕೊಂಡು, ಅದರ ಮೇಲೆ ಬರೆದಿರುವ ಭಾರದ ಮಿತಿಯೊಳಗೆ ಇರಿ ಅಂತಲೂ ಹೇಳುತ್ತೇನೆ. ಇಷ್ಟೆಲ್ಲ ಪಾಡು ಎಲ್ಲರಿಗೂ ಬೇಕಿಲ್ಲ.

ಏಳು ತಿಂಗಳಲ್ಲಿ ಗಾಡಿ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದೆ. ಬೆಲ್ಟಿನ ತುಂಡುಗಳು ಒಮ್ಮೆ ಚಪ್ಪಟೆಯಾಗಿ, ಪಿನ್ ಸಲೀಸಾಗಿ ತೂರತೊಡಗಿದಾಗ ಬದಲಾಯಿಸಿದೆವು. ದಿಂಡಿನ ತೂತು ಒಂದು ಕಡೆ 0.3 ಮಿಲಿಮೀಟರ್ ಸವೆದಿದೆ, ಬೇಸಿಗೆ ರಜೆಯಲ್ಲಿ ಅದಕ್ಕೆ ಹಿತ್ತಾಳೆ ಬುಷ್ ಹಾಕಬೇಕು. ಹಿರಿಯರ ಫಿಸಿಯೋಥೆರಪಿ ಮುಗಿದು ಎರಡು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಮಾತ್ರ ಬಾಕ್ಸು ಈಗಲೂ ಮಣೆಯ ಮೇಲಿರುತ್ತದೆ. ಅಪ್ಪ ಮಗ ದೇವರಾಜ ಮಾರುಕಟ್ಟೆಗೆ ಹೋಗಿ ವೀಳ್ಯದೆಲೆ, ಸೊಪ್ಪು ತರುತ್ತಾರೆ.